ಬುಡದಲ್ಲಿ ಬಿದ್ದ ಹುಡಿಯನ್ನು ಗುಡಿಸುವ ಮುನ್ನ

2023ರ ಜೂನ್ ತಿಂಗಳ ಮೊದಲ ವಾರ. ಆ ವರ್ಷ ಮಳೆ ತಡವಾಗಿ, 25ರಂದು ಮುಂಬಯಿಗೆ ಬಂತೆಂಬುದು ಓದುಗರಿಗೆ ನೆನಪಿರಬಹುದು. ಬೆಳಿಗ್ಗೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಮೆಟ್ಟಿಲಿಳಿದು ಬರುವಾಗ ಡೊಂಬಿವಲಿಯ ನಮ್ಮ ಸೊಸೈಟಿಯ ವಾಚ್‌ಮನ್ ಮಾವಿನ ಮರದ ಬುಡದಲ್ಲಿ ಏನನ್ನೋ ಗುಡಿಸುತ್ತಿದ್ದ. ನೋಡಿದರೆ ಹಳದಿ ಬಣ್ಣದ, ನಾರುನಾರಾದ ಮರದ ಹುಡಿ, ಒಂದು ಬೊಗಸೆಯಷ್ಟು. ಮೊದಲನೇ ಮಾಳಿಗೆಯಲ್ಲಿ ಆಗ ಫರ್ನಿಚರ್ ಕೆಲಸ ನಡೆಯುತ್ತಿತ್ತು. ಬಡಗಿಗಳು ಕಿಟಕಿಯಿಂದ ಕೆಳಗೆ ಕಸ ಚೆಲ್ಲುತ್ತಾರೆಂದು ಮನಸ್ಸಿನಲ್ಲೇ ಬೈದುಕೊಂಡು ಸ್ಟೇಷನ್ ದಾರಿ ಹಿಡಿದೆ.

ಎರಡು ವಾರದಲ್ಲಿ ಕೆಲಸ ಮುಗಿದು ಬಡಗಿಗಳು ಹೊರಟುಹೋದರು. ಹುಡಿ ಮಾತ್ರ ನಿಲ್ಲಲಿಲ್ಲ. ವಾಚ್‌ಮನ್‌ನನ್ನು ಕೇಳಿದಾಗ, "ಅಂಕಲ್, ದೀಪಾವಳಿ ಆದಾಗಿನಿಂದಲೂ ಇದು ಬೀಳುತ್ತಿದೆ, ನಾನು ದಿನಾ ಗುಡಿಸುತ್ತೇನೆ" ಎಂದ. ಕೆಲಸದಲ್ಲಿ ಅವನದು ತಪ್ಪಿಲ್ಲ. ಏಳು ತಿಂಗಳ ಕಾಲ ಮರ ತನ್ನ ಕಾಯಿಲೆಯನ್ನು ದಿನವೂ ಬುಡದಲ್ಲಿ ಬರೆದಿಡುತ್ತಿತ್ತು, ನಾವು ದಿನವೂ ಸ್ವಚ್ಛವಾಗಿ ಒರೆಸಿ ಹಾಕುತ್ತಿದ್ದೆವು, ಅಷ್ಟೇ.

ಈ ಮರ ನಮ್ಮ ಕಟ್ಟಡಕ್ಕಿಂತ ಹಿರಿದು. 1986ರಲ್ಲಿ ಕಟ್ಟಡ ಎದ್ದಾಗ ಹಳೆಯ ಮನೆಯ ಅಂಗಳದಲ್ಲಿದ್ದ ಇದೊಂದನ್ನು ಬಿಲ್ಡರ್ ಹೇಗೋ ಉಳಿಸಿದ್ದ. ಹದಿನಾರು ಮನೆಗಳು, ಅದರಲ್ಲಿ ಐದು ನಮ್ಮವರದು. ಏಪ್ರಿಲ್‌ನಲ್ಲಿ ಕಾಯಿ ಇಳಿಸಿ ಮನೆಗಿಷ್ಟು ಎಂದು ಎಣಿಸಿ ಹಂಚುವುದು ಮೊದಲಿನಿಂದ ಬಂದ ಪದ್ಧತಿ. ಎಣಿಸುವ ಕೆಲಸ, ಬ್ಯಾಂಕಿನವನೆಂಬ ಕಾರಣಕ್ಕೆ, ನನಗೇ ಗಂಟುಬಿದ್ದಿದೆ. ನಮ್ಮ ಪಾಲಿನ ಕಾಯಿ ಉಪ್ಪಿನ ಭರಣಿಗೆ ಹೋಗುತ್ತದೆ. ಊರಿನ ಅಪ್ಪೆಮಿಡಿಗೆ ಇದು ಸರಿಸಾಟಿಯಲ್ಲ ಎಂದು ಮನೆಯಾಕೆ ಪ್ರತಿವರ್ಷ ಹೇಳುತ್ತಾಳೆ, ಪ್ರತಿವರ್ಷ ಹಾಕುತ್ತಾಳೆ.

ಹುಡಿಯ ವಿಷಯ ಸಮಿತಿಯ ಮುಂದೆ ಬಂದಾಗ ಮೊದಲು ಕೇಳಿಬಂದ ಮಾತು "ಕಡಿಸಿಬಿಡೋಣ" ಎಂಬುದು. ಹಾಗೆಂದವರನ್ನು ದೂರುವಂತಿಲ್ಲ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯ ಮಗ್ಗುಲಲ್ಲಿ ಹಾದುಹೋದ ದಿನ ಇದೇ ಮರದ ಒಂದು ದೊಡ್ಡ ಕೊಂಬೆ ಮುರಿದು ಕಾರೊಂದು ಜಜ್ಜಿಹೋಗಿತ್ತು. 2017ರ ಜುಲೈಯಲ್ಲಿ ಚೆಂಬೂರಿನಲ್ಲಿ ಬೆಳಗಿನ ಹೊತ್ತು ರಸ್ತೆಯಲ್ಲಿ ನಡೆದುಹೋಗುತ್ತಿದ್ದ ಮಹಿಳೆಯೊಬ್ಬರ ಮೇಲೆ ತೆಂಗಿನ ಮರ ಬಿದ್ದು ಅವರು ತೀರಿಕೊಂಡ ದೃಶ್ಯವನ್ನು ಟಿವಿಯಲ್ಲಿ ನೋಡಿದವರು ಮರೆಯಲಾರರು. ಮಕ್ಕಳು ಸೈಕಲ್ ಓಡಿಸುವ ಜಾಗದ ಮೇಲೆ ಟೊಳ್ಳಾದ ಮರ ನಿಂತಿದೆ ಎಂದಾಗ ಯಾವ ತಾಯಿಗೂ ಮಾವಿನಕಾಯಿ ಹಂಚಿಕೆ ನೆನಪಾಗುವುದಿಲ್ಲ.

ಹೆದರಿಕೆಗೆ ಇನ್ನೂ ಹತ್ತಿರದ ಕಾರಣವೂ ಇತ್ತು. ಆರು ತಿಂಗಳ ಹಿಂದಷ್ಟೇ ನಮ್ಮದೇ ಕಂಪೌಂಡಿನ ಮೂರು ತೆಂಗಿನ ಮರಗಳಲ್ಲಿ ಒಂದರ ತಲೆಯೇ ಕಳಚಿ ಬಿದ್ದಿತ್ತು. ಆ ಕತೆಯನ್ನು ಮೊದಲು ಹೇಳಬೇಕು. ಅದರಲ್ಲಿ ನನ್ನ ಪಾಲೂ ಇದೆ.

ಹಸಿ ಮಡಲು ಕಡಿಸಿದ ಪ್ರಾಯಶ್ಚಿತ್ತ

2022ರ ಮೇ ತಿಂಗಳಲ್ಲಿ, ಮಳೆಗೆ ಮುಂಚೆ, ತೆಂಗಿನ ಗರಿಗಳನ್ನು ಕಡಿಸುವುದೆಂದು ಸಮಿತಿ ತೀರ್ಮಾನಿಸಿತು. ನಾನಾಗ ಖಜಾಂಚಿ. ಮೂರು ಕೊಟೇಶನ್ ತರಿಸಿ ಅತಿ ಕಡಿಮೆಯದಕ್ಕೆ ಸಹಿ ಹಾಕಿದವನು ನಾನೇ. ಬಂದ ಹುಡುಗರು ಕಾಂಡಕ್ಕೆ ಕತ್ತಿಯಿಂದ ಕಚ್ಚು ಹಾಕುತ್ತ ಹತ್ತಿದರು. ಒಣಗಿದ್ದು, ಹಸಿ ಎಂದು ನೋಡದೆ ಸುಳಿಯ ನಾಲ್ಕು ಗರಿಗಳನ್ನು ಬಿಟ್ಟು ಉಳಿದವನ್ನೆಲ್ಲ ಕಾಂಡದ ಮಟ್ಟಕ್ಕೇ ಸವರಿ ಇಳಿದರು. ಮರಗಳು ಹೊಸದಾಗಿ ಕ್ಷೌರ ಮಾಡಿಸಿಕೊಂಡವರಂತೆ ಕಾಣುತ್ತಿದ್ದವು. ಕೆಲಸ ಚೊಕ್ಕವಾಯಿತೆಂದು ಎಲ್ಲರೂ ಮೆಚ್ಚಿದರು. ಚೆಕ್ಕು ಬರೆದು ಕೊಟ್ಟೆ.

ಗಣೇಶ ಚತುರ್ಥಿಯ ಹೊತ್ತಿಗೆ ಒಂದು ಮರದ ಕಾಂಡದಿಂದ ಕಂದು ಬಣ್ಣದ ರಸ ಇಳಿಯತೊಡಗಿತು. ಮಳೆನೀರು ಎಂದುಕೊಂಡೆವು. ಮೇಲೆ ಗರಿ ಹಸಿರಾಗಿಯೇ ಇತ್ತು. 2023ರ ಜನವರಿಯ ಒಂದು ಮಧ್ಯಾಹ್ನ, ಗಾಳಿ ಇಲ್ಲ ಮಳೆ ಇಲ್ಲ, ಮರದ ತಲೆ ಬಾಗಿ ದೊಪ್ಪನೆ ಕೆಳಗೆ ಬಿತ್ತು. ಮಕ್ಕಳು ಶಾಲೆಯಲ್ಲಿದ್ದರು. ಹತ್ತಿರ ಹೋಗಿ ನೋಡಿದರೆ ಒಳಗೆಲ್ಲ ಜಗಿದುಗುಳಿದ ನಾರು, ಹುಳಿ ವಾಸನೆ, ಹೆಬ್ಬೆರಳು ಗಾತ್ರದ ಬಿಳಿ ಹುಳಗಳು.

ಆ ರಾತ್ರಿ ಕುಂದಾಪುರದ ಕಡೆಯ ನಮ್ಮ ಮನೆಗೆ ಫೋನ್ ಮಾಡಿ ಅಣ್ಣನಿಗೆ ಹೇಳಿದೆ. ಅವನು ಪೂರ್ತಿ ಕೇಳುವ ಮೊದಲೇ, "ಹಸಿ ಮಡ್ಲ್ ಕಡುಕೆ ಯಾರ್ ಹೇಳಿದ್ ಮಾರಾಯ?" ಎಂದ. ಹೇಳಿದ್ದು ನಾನೇ ಎಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ನಮ್ಮ ಮರವನ್ನು ತಿಂದದ್ದು ಕೆಂಪು ಮೂತಿ ಹುಳು. ಮೂತಿ ಉದ್ದವಾದ, ಕೆಂಪು ಕಂದು ಬಣ್ಣದ ಒಂದು ಜಾತಿಯ ದುಂಬಿ. ಇದು ಗಾಯವಿಲ್ಲದ ಗಟ್ಟಿ ಕಾಂಡವನ್ನು ಹೊರಗಿನಿಂದ ಕೊರೆದು ನುಗ್ಗುವುದು ಕಷ್ಟ. ಹಸಿಗಾಯದ ವಾಸನೆ ಹಿಡಿದು ಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಗಿನ ಮೆದು ಭಾಗವನ್ನು ತಿನ್ನುತ್ತ ಬೆಳೆದು, ನಾರಿನ ಗೂಡು ಸುತ್ತಿಕೊಂಡು, ದುಂಬಿಯಾಗಿ ಹೊರಬರುತ್ತದೆ. ಅದರ ಸಂಸಾರವೆಲ್ಲ ಕಾಂಡದೊಳಗೇ. ಹೊರಗಿನವರಿಗೆ ಕಾಣುವುದು ಕಂದು ರಸ, ಸಣ್ಣ ತೂತಿನಲ್ಲಿ ಸಿಕ್ಕಿಕೊಂಡ ನಾರು. ಕಿವಿಗೊಟ್ಟು ಕೇಳಿದರೆ ಒಳಗಿನಿಂದ ಕರಕರ ಸದ್ದು. ಆ ಹಂತದಲ್ಲಿ ತಿಳಿದವರನ್ನು ಕರೆಸಿದರೆ ಮರ ಉಳಿಯುವ ಸಾಧ್ಯತೆ ಇದೆ. ಸುಳಿ ಬಾಗಿದ ಮೇಲೆ ಇಲ್ಲ.

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುವ ಮಾತು ಇಷ್ಟೇ: ಹಸಿ ಗರಿ ಕಡಿಯಲೇಬೇಕಾದರೆ ಕಾಂಡದಿಂದ 1.2 ಮೀಟರ್, ಅಂದರೆ ನಾಲ್ಕು ಅಡಿ ದಂಟು ಬಿಟ್ಟು ಕಡಿಯಿರಿ, ಕಾಂಡಕ್ಕೆ ಕಚ್ಚು ಹಾಕಬೇಡಿ. ದಂಟಿನ ತುದಿಯಲ್ಲಿ ಹುಳು ಬಂದರೂ ಅದು ಕಾಂಡ ಮುಟ್ಟುವ ಮೊದಲು ದಂಟು ಒಣಗಿರುತ್ತದೆ. ಈ ಸಂಸ್ಥೆ 1916ರಲ್ಲಿ, ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದಾಗಲೇ, ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ನೂರು ವರ್ಷದ ಅನುಭವ ಮನೆಬಾಗಿಲಲ್ಲೇ ಇರುವಾಗ ನಾನು ನೋಡಿದ್ದು ಕೊಟೇಶನ್‌ನ ಕೊನೆಯ ಸಾಲನ್ನು ಮಾತ್ರ. ಉಳಿಸಿದ್ದು ಕೆಲವು ನೂರು ರೂಪಾಯಿ. ಬಿದ್ದ ಮರವನ್ನು ತುಂಡರಿಸಿ ಸಾಗಿಸಲು ಅದರ ಹಲವು ಪಟ್ಟು ಹೋಯಿತು.

ಅಲ್ಲಿಗೂ ನಮ್ಮ ಜಾಣತನ ಮುಗಿಯಲಿಲ್ಲ. ತುಂಡುಗಳನ್ನು ತಿಂಗಳುಗಟ್ಟಲೆ ಕಂಪೌಂಡಿನ ಮೂಲೆಯಲ್ಲಿ, ಹಸಿ ಕಸದ ಗೊಬ್ಬರದ ಗುಂಡಿಯ ಪಕ್ಕ ಪೇರಿಸಿಟ್ಟೆವು. ಹುಳು ತುಂಬಿದ ಕಾಂಡವನ್ನು ಕೂಡಲೇ ಸೀಳಿ ನಾಶಮಾಡದಿದ್ದರೆ ಒಳಗಿದ್ದವು ಹಾರಿ ಪಕ್ಕದ ಮರಕ್ಕೆ ಹೋಗುತ್ತವೆ. ಅದಲ್ಲದೆ ಕೊಳೆಯುವ ತೆಂಗಿನ ದಿಮ್ಮಿ ಮತ್ತು ಗೊಬ್ಬರದ ಗುಂಡಿ ಎರಡೂ ಇನ್ನೊಂದು ದುಂಬಿಯ ಹೆರಿಗೆ ಮನೆ. ಅದೇ ನಮ್ಮೂರ ಕುರುವಾಯಿ.

ಕರಾವಳಿಯವರಿಗೆ ಕುರುವಾಯಿಯ ಪರಿಚಯ ಮಾಡಿಕೊಡಬೇಕಿಲ್ಲ. ಕಪ್ಪಗೆ ಮಿರುಗುವ, ಮೂಗಿನ ಮೇಲೆ ಕೊಂಬಿರುವ ದಪ್ಪ ದುಂಬಿ. ರಾತ್ರಿ ಬಂದು ತೆಂಗಿನ ಸುಳಿಯನ್ನು ಕೊರೆಯುತ್ತದೆ. ಮಡಿಚಿದ ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಬಿಡಿಸಿದ ಹಾಗೆ, ಗರಿ ಬಿಚ್ಚಿದಾಗ ಎರಡೂ ಕಡೆ ತ್ರಿಕೋನದ ಕಡಿತ ಕಾಣುತ್ತದೆ. ನಮ್ಮ ಅಪ್ಪಯ್ಯ ಕಾಯಿ ಕೊಯ್ಯುವವನ ಸೊಂಟಕ್ಕೆ ಕತ್ತಿಯ ಜತೆ ಒಂದು ಕಬ್ಬಿಣದ ಕೊಕ್ಕೆಯನ್ನೂ ಸಿಕ್ಕಿಸಿ ಮರ ಹತ್ತಿಸುತ್ತಿದ್ದರು. ಸುಳಿಯ ತೂತಿನೊಳಗೆ ಕೊಕ್ಕೆ ತಿರುಗಿಸಿ ಹುಳವನ್ನು ಚುಚ್ಚಿ ಎಳೆದು, ಮೇಲಿನಿಂದಲೇ ಕೂಗಿ ಕೆಳಗೆ ಎಸೆಯುತ್ತಿದ್ದ. ಆಮೇಲೆ ಗರಿಯ ಸಂದಿಗೆ ಮರಳು, ಉಪ್ಪು, ಬೂದಿ. ಈಗ ಉಪ್ಪು ಬೂದಿಯ ಬದಲು ಬೇವಿನ ಹಿಂಡಿ ಮತ್ತು ಮರಳು ಹಾಕುತ್ತಾರೆ. ಎಳೆಯ ಮರಗಳಿಗೆ ಸುಳಿಯ ಬುಡದ ಸಂದುಗಳಲ್ಲಿ ಮೂರು ನಾಲ್ಕು ನುಸಿಗುಳಿಗೆ ಇಟ್ಟು ಮರಳು ಮುಚ್ಚಿ, 45 ದಿನಕ್ಕೊಮ್ಮೆ ಬದಲಿಸುತ್ತಾರೆ. ಕೊಕ್ಕೆ ಮಾತ್ರ ಹಳೆಯದೇ. ಕುರುವಾಯಿ ಮಾಡಿದ ಗಾಯಕ್ಕೂ ಕೆಂಪು ಮೂತಿ ಹುಳು ಬರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಒಬ್ಬ ಬಾಗಿಲು ಒಡೆದರೆ ಇನ್ನೊಬ್ಬ ಮನೆ ದೋಚುತ್ತಾನೆ.

ನಮ್ಮ ಗೊಬ್ಬರದ ಗುಂಡಿಯನ್ನು ಕೆದಕಿದಾಗ ಅರ್ಧಚಂದ್ರದಂತೆ ಬಾಗಿದ ಬಿಳಿಯ ದಪ್ಪ ಹುಳಗಳು ಸಿಕ್ಕವು. ಹಸಿ ಕಸವನ್ನು ಸೊಸೈಟಿಯಲ್ಲೇ ಗೊಬ್ಬರ ಮಾಡಬೇಕೆಂಬುದು ಒಳ್ಳೆಯ ನಿಯಮ. ಆದರೆ ಗುಂಡಿ ತೆಂಗಿನ ಬುಡದಲ್ಲೇ ಇದ್ದರೆ ಮತ್ತು ಅದನ್ನು ಆಗಾಗ ಮಗುಚದಿದ್ದರೆ ಹೀಗಾಗುತ್ತದೆ. ಈಗ ಎರಡು ವಾರಕ್ಕೊಮ್ಮೆ ಮಾಲಿ ಮಗುಚುತ್ತಾನೆ, ಕಾಗೆಗಳು ಉಳಿದ ಕೆಲಸ ಮುಗಿಸುತ್ತವೆ. ಈ ಹುಳಗಳಿಗೆ ರೋಗ ತಗಲಿಸುವ ಒಂದು ಹಸಿರು ಬೂಸ್ಟು, ಮೆಟರೈಜಿಯಂ ಎಂಬ ಹೆಸರಿನಲ್ಲಿ, ಕೃಷಿ ಅಂಗಡಿಗಳಲ್ಲಿ ಸಿಗುತ್ತದೆ. ಗುಂಡಿಗೆ ಕಲಸಿ ಹಾಕುವುದು. ಮನುಷ್ಯರಿಗೆ ವಿಷವಲ್ಲ.

ದುಂಬಿಗಳನ್ನು ಸೆಳೆಯುವ ವಾಸನೆಯ ಬಕೆಟ್ ಬಲೆಗಳೂ ಇವೆ. ನಮ್ಮ ಸಮಿತಿಯವರು ಒಂದನ್ನು ತಂದು ತೆಂಗಿನ ಕಾಂಡಕ್ಕೇ ಕಟ್ಟುವ ಉತ್ಸಾಹದಲ್ಲಿದ್ದರು. ನಾನು ಬೇಡವೆಂದೆ. ಇಡೀ ಬಡಾವಣೆ ಸೇರಿ, ಮರಗಳಿಂದ ದೂರದಲ್ಲಿ ಹಾಕಿದರೆ ಸರಿ. ಒಂದೇ ಸೊಸೈಟಿ ತನ್ನ ಮರದ ಬುಡದಲ್ಲಿ ಕಟ್ಟಿದರೆ ಊರಿನ ಹುಳಗಳನ್ನೆಲ್ಲ ಊಟಕ್ಕೆ ಕರೆದಂತೆ.

ಮಾವಿನ ಒಳಗಿನ ಬಾಡಿಗೆದಾರ

ಇಷ್ಟೆಲ್ಲ ಆಗಿದ್ದರಿಂದಲೇ ಮಾವಿನ ಹುಡಿಯನ್ನು ನೋಡಿದಾಗ ನಾನು, ಸ್ವಲ್ಪ ತಡವಾಗಿಯಾದರೂ, ನಿಂತು ನೋಡಿದ್ದು.

ಜೂನ್ ಕೊನೆಯಲ್ಲಿ ಮಳೆ ಶುರುವಾದ ಮೂರನೇ ರಾತ್ರಿ ಮೆಟ್ಟಿಲಿನ ಟ್ಯೂಬ್‌ಲೈಟಿಗೆ ಒಂದು ದೊಡ್ಡ ದುಂಬಿ ಬಂದು ಬಡಿಯಿತು. ಮಕ್ಕಳು ಹಾರ್ಲಿಕ್ಸ್ ಬಾಟ್ಲಿಯಲ್ಲಿ ಹಿಡಿದು ತಂದರು. ಎರಡು ಇಂಚಿನ ಬೂದು ಮೈ, ಮೈಗಿಂತ ಉದ್ದದ ಮೀಸೆ, ಕತ್ತಿನ ಮೇಲೆ ಎರಡು ಗುಲಾಬಿ ಮಚ್ಚೆ. ಇದೇ ಮಾವಿನ ಕಾಂಡ ಕೊರಕ. ವಿಜ್ಞಾನಿಗಳ ಭಾಷೆಯಲ್ಲಿ ಬ್ಯಾಟೊಸೆರಾ ರೂಫೊಮ್ಯಾಕ್ಯುಲೇಟಾ. ಮಾವು ಮಾತ್ರವಲ್ಲ, ಹಲಸು, ಅಂಜೂರ, ನುಗ್ಗೆಯನ್ನೂ ಬಿಡುವುದಿಲ್ಲ. ಮಳೆ ಶುರುವಾಗುವಾಗ ಕಾಂಡದಿಂದ ಹೊರಬಂದು, ತೊಗಟೆಯಲ್ಲಿ ಸೀಳು ಮಾಡಿ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಒಂದೆರಡು ವಾರದಲ್ಲಿ ಮರಿ ಹೊರಟು ತೊಗಟೆಯ ಕೆಳಗಿನಿಂದ ಒಳಮರಕ್ಕೆ ಇಳಿಯುತ್ತದೆ. ಕಾಲಿಲ್ಲದ, ಕೆನೆ ಬಣ್ಣದ ಹುಳು. ಬೆಳೆದರೆ ಮೂರು ಇಂಚನ್ನೂ ಮೀರುತ್ತದೆ. ಆರು ತಿಂಗಳೋ ಅದಕ್ಕೂ ಹೆಚ್ಚೋ ಕೊರೆಯುತ್ತಲೇ ಇದ್ದು, ಅಲ್ಲೇ ಕೋಶವಾಗಿ, ಮುಂದಿನ ಮಳೆಗೆ ದುಂಬಿಯಾಗಿ ಹೊರಬೀಳುತ್ತದೆ. ವರ್ಷಕ್ಕೊಂದೇ ತಲೆಮಾರು. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಬಾಡಿಗೆದಾರನ ಹಾಗೆ, ಆದರೆ ಬಾಡಿಗೆ ಕೊಡುವ ಬದಲು ಗೋಡೆ ತಿನ್ನುವವನು.

ಕೊಂಬೆಗೆ ನೀರು, ಆಹಾರ ಸಾಗಿಸುವ ದಾರಿಗಳನ್ನೇ ಈ ಸುರಂಗ ಕತ್ತರಿಸುವುದರಿಂದ ಮೊದಲು ಒಂದು ಕೊಂಬೆಯ ಎಲೆ ಹಳದಿಯಾಗುತ್ತದೆ, ಆಮೇಲೆ ಆ ಕೊಂಬೆ ಒಣಗುತ್ತದೆ. ನಮ್ಮ ಮರದಲ್ಲಿ ಒಣಗಿದ್ದು ಯಾವ ಪಕ್ಕದ್ದು ಎಂದು ನೋಡಿದರೆ, ತೌಕ್ತೆಯಲ್ಲಿ ಕೊಂಬೆ ಮುರಿದ ಪಕ್ಕದ್ದೇ. ಅಂದು ಸಿಗಿದುಹೋದ ಜಾಗವನ್ನು ಯಾರೂ ಸಮವಾಗಿ ಕೊಯ್ದು ಸರಿಪಡಿಸಿರಲಿಲ್ಲ. ಮರುವರ್ಷ ಕಂಪೌಂಡಿಗೆ ಪೇವರ್ ಬ್ಲಾಕ್ ಹಾಕಿಸಿ, ಮರದ ಕೊರಳಿಗೆ ಹಾರ ಹಾಕಿದಂತೆ ಬುಡದ ಸುತ್ತ ಸಿಮೆಂಟ್ ಕಟ್ಟಿದೆವು. ಬೇರಿಗೆ ನೀರಿಲ್ಲ, ಗಾಳಿಯಿಲ್ಲ. ಕೊರೆಯುವ ಹುಳಗಳಲ್ಲಿ ಹೆಚ್ಚಿನವು ಹುಡುಕಿಕೊಂಡು ಬರುವುದು ಸೊರಗಿದ ಮರವನ್ನೇ. ಗಟ್ಟಿ ಮರ ಅಂಟು ಸುರಿಸಿ ಮರಿಹುಳುವನ್ನು ಮುಳುಗಿಸಬಲ್ಲದು. ಬಾಯಾರಿದ ಮರಕ್ಕೆ ಆ ಶಕ್ತಿ ಎಲ್ಲಿಂದ? ದಿಲ್ಲಿಯಲ್ಲಿ ಮರಗಳ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿದ್ದನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಓದಿ, ಪತ್ರಿಕೆ ಮಡಿಚಿಟ್ಟು, ಪೇವರ್ ಬ್ಲಾಕಿನ ಬಿಲ್ ಪಾಸು ಮಾಡಿದ್ದೆ.

ಚಿಕಿತ್ಸೆಯ ವಿಷಯದಲ್ಲಿ ಪ್ರತಿ ಮನೆಯಲ್ಲೂ ಒಬ್ಬ ಡಾಕ್ಟರರು ಹುಟ್ಟಿಕೊಂಡರು. ಡಾಂಬರು ಬಳಿಯೋಣ ಎಂದರು ಒಬ್ಬರು. ಒಳಗೆ ಹುಳು ಇರುವಾಗ ಹೊರಗೆ ಡಾಂಬರು ಬಳಿಯುವುದು ಕಳ್ಳನನ್ನು ಒಳಗಿಟ್ಟು ಬೀಗ ಹಾಕಿದಂತೆ. ಇಡೀ ಕಾಂಡಕ್ಕೆ ಔಷಧ ಸಿಂಪಡಿಸಿದರೆ ಅದು ಸುರಂಗದ ಒಳಗೆ ಹೋಗುವುದಿಲ್ಲ, ಕೆಳಗೆ ಆಡುವ ಮಕ್ಕಳ ಕೈಗೆ ಹತ್ತುತ್ತದೆ. ನಾಲ್ಕನೇ ಮಾಳಿಗೆಯ ಹಿರಿಯರೊಬ್ಬರು ಹಳೆಯ ಕೃಷಿ ಪುಸ್ತಿಕೆಯೊಂದನ್ನು ತಂದು, ರಂಧ್ರಕ್ಕೆ ಡೈಕ್ಲೋರ್ವಾಸ್ ಹಾಕಬೇಕೆಂದು ಬರೆದದ್ದನ್ನು ತೋರಿಸಿದರು. ಒಂದು ಕಾಲಕ್ಕೆ ಅದೇ ಶಿಫಾರಸು. ಆದರೆ ಕೇಂದ್ರ ಸರಕಾರದ 2018ರ ಆದೇಶದಂತೆ 2020ರ ಡಿಸೆಂಬರ್ 31ರಿಂದ ಅದರ ಬಳಕೆಯೇ ನಿಷಿದ್ಧ. ಹಳೆ ದಾಸ್ತಾನು ಎಲ್ಲೋ ಸಿಕ್ಕಿತೆಂದು ತರಬಾರದು. ಇನ್ನೊಬ್ಬರು ಗೋದಾಮಿನಲ್ಲಿ ಧಾನ್ಯಕ್ಕಿಡುವ ಸಲ್ಫಾಸ್ ಮಾತ್ರೆಯನ್ನು ತೂತಿಗೆ ತುರುಕೋಣ ಎಂದರು. ಅದು ತೇವ ತಗುಲಿದೊಡನೆ ಬಿಡುವ ಗಾಳಿ ಹುಳುವನ್ನೂ ಕೊಲ್ಲುತ್ತದೆ, ಕಿಟಕಿಯ ಹತ್ತಿರ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ. ಅನುಮತಿ ಪಡೆದ ತಜ್ಞರ ಹೊರತು ಯಾರೂ ಮುಟ್ಟಬಾರದ ವಸ್ತು. ಆ ಸಭೆಯಲ್ಲಿ ನಾನು ಧ್ವನಿ ಏರಿಸಿ ಮಾತಾಡಿದ್ದು ಇದೊಂದಕ್ಕೇ.

ಕೊನೆಗೆ ನಾವು ಮಾಡಿದ್ದು ಬಹಳ ಸಾದಾ ಕೆಲಸ. ಒಂದು ಶನಿವಾರ ಸಂಜೆ ಕಾಂಡದ ಮೇಲಿನ ಎಲ್ಲ ತೂತುಗಳನ್ನು ಚೊಕ್ಕಟ ಮಾಡಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ಒಂದು, ಎರಡು ಎಂದು ನಂಬರು ಹಾಕಿದೆವು. ಒಟ್ಟು ಏಳು. ಭಾನುವಾರ ಬೆಳಿಗ್ಗೆ ನೋಡಿದರೆ ನಾಲ್ಕರಲ್ಲಿ ಮಾತ್ರ ಹೊಸ ಹುಡಿ. ಉಳಿದ ಮೂರು ದುಂಬಿ ಹೊರಟುಹೋದ ಹಳೆ ಬಾಗಿಲುಗಳು, ಮುಚ್ಚಿದ ಖಾತೆಗಳು. ನಾಲ್ಕು ಚಾಲ್ತಿ ಖಾತೆಗಳಿಗೆ ಸೈಕಲ್ಲಿನ ಕಡ್ಡಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ತೂರಿಸಿದೆವು. ಎರಡರಿಂದ ಹುಳು ಹೊರಬಂತು, ಹುಡುಗಿಯರು ಕಿರುಚಿದರು. ಮೂರನೆಯದರಲ್ಲಿ ಕಡ್ಡಿಯ ತುದಿ ಒದ್ದೆಯಾಗಿ ಬಂತು, ಅಂದರೆ ಒಳಗೇ ಸತ್ತಿರಬೇಕು. ನಾಲ್ಕನೆಯ ಸುರಂಗ ಸೊಟ್ಟಗಿತ್ತು, ಕಡ್ಡಿ ಹೋಗಲಿಲ್ಲ. ಅದಕ್ಕೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ ಹಸಿ ಜೇಡಿಮಣ್ಣಿನಿಂದ ಬಾಯಿ ಮುಚ್ಚಿದೆವು. ಎಣ್ಣೆ ಎಷ್ಟು? ಹತ್ತಿ ನೆನೆಯುವಷ್ಟು. ಬಾಟಲಿಗಟ್ಟಲೆ ಸುರಿದರೆ ಹುಳುವಿಗಿಂತ ಮೊದಲು ಮರಕ್ಕೇ ಹಾನಿ. ತೂತು ಮುಚ್ಚಿ ಗಾಯವನ್ನೂ ಮಾಗಿಸುವ ಒಂದು ಲೇಪವನ್ನು ಬೆಂಗಳೂರು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾವಿನ ಕಾಂಡ ಕೊರಕಕ್ಕೆಂದೇ ರೂಪಿಸಿದ್ದಾರೆ. ಊರ ಕಡೆ ಮಾವಿನ ತೋಟವಿರುವ ಬಂಧುಗಳು ಅಲ್ಲಿ ವಿಚಾರಿಸಬಹುದು.

ಇಲ್ಲೊಂದು ಎಚ್ಚರಿಕೆ. ತೊಗಟೆಯ ಮೇಲೆ ಕಂಡದ್ದೆಲ್ಲ ದುಂಬಿಯ ಕೆಲಸವಲ್ಲ. ಮಣ್ಣಿನ ಪಟ್ಟಿ ಏರಿದ್ದರೆ ಗೆದ್ದಲು; ಹೆಚ್ಚಾಗಿ ಸತ್ತ ತೊಗಟೆಯನ್ನು ತಿನ್ನುತ್ತದೆ. ಕೊಂಬೆ ಕವಲೊಡೆಯುವಲ್ಲಿ ಹಿಕ್ಕೆ ಮತ್ತು ನೂಲು ಸೇರಿದ ಕಂದು ರಿಬ್ಬನ್ನಿನಂಥದ್ದು ಹರಡಿದ್ದರೆ ಅದು ತೊಗಟೆ ತಿನ್ನುವ ಕಂಬಳಿಹುಳು, ಪತಂಗದ ಮರಿ. ಕೆಲವು ವರ್ಷಗಳ ಹಿಂದೆ ಮುಂಬಯಿಯ ರಸ್ತೆಗಳಲ್ಲಿ ಮಳೆಮರಗಳು ಸಾಲಾಗಿ ಒಣಗಿದಾಗ ಮೊದಲು ಬೊಟ್ಟು ಮಾಡಿದ್ದು ಹಿಟ್ಟುತಿಗಣೆಯ ಕಡೆಗೆ. ಅದು ರಸ ಹೀರುವ ಕೀಟ, ಕೊರೆಯುವುದಲ್ಲ. ಒಂದರ ಔಷಧ ಇನ್ನೊಂದಕ್ಕಲ್ಲ.

ಎಲ್.ಸಿ. ಕಾಗದಗಳಲ್ಲಿ ಸಿಕ್ಕ ಹುಳು

ಮಾವಿನ ಹುಳುವಿನ ಬಗ್ಗೆ ಓದುತ್ತ ಹೋದಾಗ ನನ್ನ ವೃತ್ತಿಯ ಒಂದು ಹಳೆಯ ಒಗಟು ಬಿಡಿಸಿತು. ಬಹಳ ವರ್ಷ ನಾನು ಬ್ಯಾಂಕಿನ ಬಿಲ್ಸ್ ವಿಭಾಗದಲ್ಲಿದ್ದೆ. ರಫ್ತಿನ ಎಲ್.ಸಿ. ಕಾಗದಗಳನ್ನು ಪರಿಶೀಲಿಸುವಾಗ ಇನ್‌ವಾಯ್ಸ್, ಬಿಲ್ ಆಫ್ ಲೇಡಿಂಗ್ ಜತೆ ಫ್ಯೂಮಿಗೇಶನ್ ಸರ್ಟಿಫಿಕೇಟ್ ಎಂಬುದೊಂದು ಇರುತ್ತಿತ್ತು. ಕಳಿಸುವುದು ಕಬ್ಬಿಣದ ಬಿಡಿಭಾಗ, ಹೊಗೆ ಹಾಕಿದ್ದಕ್ಕೆ ಪ್ರಮಾಣಪತ್ರ ಏಕೆ? ಇಲ್ಲದಿದ್ದರೆ ಡಿಸ್ಕ್ರೆಪೆನ್ಸಿ ಎಂದು ಬರೆದು ಪಾರ್ಟಿಯನ್ನು ವಾಪಸು ಕಳಿಸುತ್ತಿದ್ದೆ, ಕಾರಣ ಕೇಳಿದವನಲ್ಲ.

ಕಾರಣ ಪೆಟ್ಟಿಗೆಯ ಮರ. 1996ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ರಸ್ತೆಬದಿಯ ಮರಗಳನ್ನು ಕೊರೆಯುತ್ತಿದ್ದ ಒಂದು ಏಷ್ಯಾದ ದುಂಬಿ ಪತ್ತೆಯಾಯಿತು. ನಮ್ಮ ಮಾವಿನ ದುಂಬಿಯ ಕುಟುಂಬದ್ದೇ, ಅದೇ ಉದ್ದ ಮೀಸೆ. 2002ರಲ್ಲಿ ಡೆಟ್ರಾಯಿಟ್ ಬಳಿ ಪತ್ತೆಯಾದ ಹಸಿರು ಬಣ್ಣದ ಇನ್ನೊಂದು ದುಂಬಿ ಅಲ್ಲಿನ ಆ್ಯಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. ಇಂಥವು ಹಡಗು ಹತ್ತಿ ಬರುವುದು ಸರಕು ತುಂಬುವ ಮರದ ಪೆಟ್ಟಿಗೆ, ಹಲಗೆಗಳ ಒಳಗೆ. 2002ರಲ್ಲಿ ರೂಪುಗೊಂಡ ಅಂತಾರಾಷ್ಟ್ರೀಯ ನಿಯಮದಂತೆ ಅಂಥ ಮರವನ್ನು ತಿರುಳಿನವರೆಗೆ 56 ಡಿಗ್ರಿ ಶಾಖದಲ್ಲಿ 30 ನಿಮಿಷ ಕಾಯಿಸಬೇಕು, ಇಲ್ಲವೇ ಹೊಗೆ ಹಾಕಬೇಕು. ಆಮೇಲೆ ಮುದ್ರೆ ಒತ್ತಬೇಕು. ಗುಜರಿಯಿಂದ ತಂದ ಪ್ಯಾಕಿಂಗ್ ಹಲಗೆಯಲ್ಲಿ ಟೆರೇಸಿನ ಹೂಕುಂಡದ ಸ್ಟ್ಯಾಂಡ್ ಮಾಡಿಸುವವರು ಗೋಧಿ ತೆನೆಯ ಚಿತ್ರವಿರುವ ಆ ಮುದ್ರೆಯನ್ನೊಮ್ಮೆ ಹುಡುಕಿ ನೋಡಿ. ಹುಡಿ ಉದುರುವ ಹಲಗೆಯನ್ನು, ಅದೆಷ್ಟೇ ಅಗ್ಗವಾದರೂ, ಗೇಟಿನ ಒಳಗೆ ತರಬೇಡಿ.

ಕಡಿಯುವುದೇ ಆದರೆ

ಎಲ್ಲ ಮರಗಳನ್ನೂ ಉಳಿಸಲೇಬೇಕೆಂಬ ಹಟ ನನಗಿಲ್ಲ. ಕಾಂಡದ ಸುತ್ತ ತಟ್ಟಿದಾಗ ಡೋಲಿನಂತೆ ಕೇಳಿಸಿದರೆ, ಬುಡದ ಮಣ್ಣು ಬಿರುಕು ಬಿಟ್ಟು ಮರ ವಾಲಿದ್ದರೆ, ಬುಡದಲ್ಲಿ ಅಣಬೆಯ ತಟ್ಟೆಗಳು ಎದ್ದಿದ್ದರೆ ವಾತ್ಸಲ್ಯ ಬದಿಗಿಟ್ಟು ಪಾಲಿಕೆಯ ಉದ್ಯಾನ ವಿಭಾಗಕ್ಕೆ ಅರ್ಜಿ ಕೊಡಬೇಕು. ನಗರ ಪ್ರದೇಶಗಳ ಮರಗಳಿಗಾಗಿ ಮಹಾರಾಷ್ಟ್ರ ಸರಕಾರ 1975ರಲ್ಲಿ ತಂದ ಕಾಯ್ದೆಯಂತೆ ಸ್ವಂತ ಕಂಪೌಂಡಿನ ಮರವಾದರೂ ವೃಕ್ಷ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಕಡಿಯುವಂತಿಲ್ಲ. ಕಾಯ್ದೆಯ ಅರ್ಥದಲ್ಲಿ ಕಡಿಯುವುದೆಂದರೆ ಸುಡುವುದು, ಯಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಸೇರುತ್ತದೆ. ರಾತ್ರೋರಾತ್ರಿ ಬುಡಕ್ಕೆ ಆ್ಯಸಿಡ್ ಸುರಿಯುವ ಬುದ್ಧಿವಂತರು ಇದನ್ನು ತಿಳಿದಿರುವುದು ಒಳ್ಳೆಯದು. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ ಮರಕ್ಕೆ ಪಾರಂಪರಿಕ ವೃಕ್ಷವೆಂಬ ಸ್ಥಾನ ಸಿಕ್ಕಿದೆ. ಮರ ಕಡಿದರೆ ಅದರ ವಯಸ್ಸಿನಷ್ಟು ಗಿಡಗಳನ್ನು ನೆಡಬೇಕು. ನಮ್ಮ ಮಾವಿಗೆ ಐವತ್ತು ದಾಟಿರಬೇಕೆಂದು ಲೆಕ್ಕ ಹಾಕಿ ಹೇಳಿದಾಗ ಸಮಿತಿಯಲ್ಲಿ ಕಡಿಸುವವರ ದನಿ ಸ್ವಲ್ಪ ತಗ್ಗಿತು. ಐವತ್ತು ಗಿಡಗಳನ್ನು ಎಲ್ಲಿ ನೆಡುವುದು, ಪಾರ್ಕಿಂಗಿನಲ್ಲೇ?

ತಪಾಸಣೆಗೆ ಬಂದ ಅಧಿಕಾರಿ ಮರವನ್ನು ಸುತ್ತ ನೋಡಿ, ಒಣಗಿದ ಎರಡು ಕೊಂಬೆಗಳನ್ನು ತೆಗೆಯಲು ಹೇಳಿದರು, ಕಾಂಡ ಗಟ್ಟಿ ಇದೆ ಎಂದರು. ಕೊಂಬೆ ತೆಗೆಯುವಾಗ ಈ ಸಲ ನಾನೇ ರಜೆ ಹಾಕಿ ಕೆಳಗೆ ನಿಂತಿದ್ದೆ. ತುಂಡು ಬಿಟ್ಟು ಕಡಿಯದೆ, ಸಿಗಿಯದೆ, ಕೊಂಬೆ ಕಾಂಡಕ್ಕೆ ಸೇರುವ ಉಬ್ಬಿನ ಹೊರಗೆ ಸಮವಾಗಿ ಗರಗಸದಿಂದ ಕೊಯ್ಯಿಸಿದೆ. ಕಡಿದದ್ದನ್ನು ಅಂದೇ ಲಾರಿಗೆ ಹಾಕಿಸಿದೆ. ಬುಡದ ಸುತ್ತ ಒಂದು ಮೀಟರ್ ಪೇವರ್ ಬ್ಲಾಕ್ ಕಿತ್ತು ಮಣ್ಣು ತುಂಬಿದೆವು. ಅದರಿಂದ ಒಂದು ಸ್ಕೂಟರ್ ನಿಲ್ಲಿಸುವ ಜಾಗ ಹೋಯಿತು. ಸ್ಕೂಟರಿನ ಯಜಮಾನರು ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದರು.

ನಮ್ಮ ಸಂಘ ಸಂಸ್ಥೆಗಳಿಗೂ ಒಂದು ವಿನಂತಿ ಇದೆ, ಹಿರಿಯ ಪದಾಧಿಕಾರಿಗಳು ಬೇಸರಿಸಬಾರದು. ರಾಜ್ಯೋತ್ಸವದ ಬ್ಯಾನರನ್ನು ಸಭಾಗೃಹದ ಮುಂದಿನ ಮರಕ್ಕೆ ಕಬ್ಬಿಣದ ತಂತಿಯಲ್ಲಿ ಬಿಗಿದು, ಡಿಸೆಂಬರಿನಲ್ಲಿ ಬ್ಯಾನರ್ ಮಾತ್ರ ಬಿಚ್ಚಿ ತಂತಿಯನ್ನು ಅಲ್ಲೇ ಬಿಟ್ಟದ್ದನ್ನು ನಾನು ಕಂಡಿದ್ದೇನೆ. ಮರ ದಪ್ಪವಾದಂತೆ ತಂತಿ ತೊಗಟೆಯೊಳಗೆ ಇಳಿದು ಕೊಂಬೆಯನ್ನು ಹಿಸುಕುತ್ತದೆ. ಗಾಯದ ವಾಸನೆಗೆ ಬರುವವರು ಯಾರೆಂದು ಈಗಾಗಲೇ ಹೇಳಿದ್ದೇನೆ. ಹಗ್ಗದಲ್ಲಿ ಕಟ್ಟಿ, ಮರುದಿನ ಬಿಚ್ಚಿದರಾಯಿತು. 1950ರಲ್ಲಿ ಕೆ. ಎಂ. ಮುನ್ಶಿಯವರು ಆರಂಭಿಸಿದ ವನಮಹೋತ್ಸವವನ್ನು ಜುಲೈಯಲ್ಲಿ ನಾವೂ ತಪ್ಪದೆ ಆಚರಿಸುತ್ತೇವೆ. ಗಿಡ ನೆಡುವಾಗ ಅಧ್ಯಕ್ಷರು, ಉಪಾಧ್ಯಕ್ಷರು, ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆಯವರೆಲ್ಲ ಒಂದೇ ಗಿಡಕ್ಕೆ ಕೈ ಹಚ್ಚಿದ ಫೋಟೊ ಈ ಪುಟದಲ್ಲೇ ಅಚ್ಚಾಗುತ್ತದೆ. ಅದೇ ದಿನ ಹತ್ತು ನಿಮಿಷ, ಈಗಾಗಲೇ ಇರುವ ಮರದ ಬುಡವನ್ನೂ ಒಮ್ಮೆ ಬಗ್ಗಿ ನೋಡಬಹುದಲ್ಲ. ಸೈಕಲ್ ಕಡ್ಡಿ ಹಿಡಿದ ಅಧ್ಯಕ್ಷರ ಫೋಟೊವನ್ನು ಸಂಪಾದಕರು ಹಾಕುತ್ತಾರೋ ಇಲ್ಲವೋ ಹೇಳಲಾರೆ.

ಉಳಿದ ಎರಡು ತೆಂಗಿನ ಮರಗಳು ಸದ್ಯ ಕ್ಷೇಮ. ಕಾಯಿ ಕೀಳುವವನಿಗೆ ಒಣಗಿದ ಗರಿಯನ್ನು ಮಾತ್ರ ಮುಟ್ಟಬೇಕೆಂದು ಪ್ರತಿಸಲ ಹೇಳುತ್ತೇನೆ, ಅವನು ಪ್ರತಿಸಲ ನಗುತ್ತಾನೆ. ಮಾವು 2024ರಲ್ಲಿ ಕಾಯಿ ಕಡಿಮೆ ಕೊಟ್ಟಿತು, ಮನೆಗೆ ಒಂಬತ್ತು ಬಂತು. ವಾಚ್‌ಮನ್ ಈಗ ಬುಡ ಗುಡಿಸುವ ಮೊದಲು ನನಗೆ ಕೂಗುತ್ತಾನೆ. ಕಳೆದ ವಾರ ಕೂಗಿದ. ಸೀಮೆಸುಣ್ಣದ ಏಳು ನಂಬರುಗಳೂ ಮಳೆಯಲ್ಲಿ ತೊಳೆದುಹೋಗಿವೆ, ಆದರೆ ಹಳೆ ಐದನೆಯ ತೂತಿನ ಒಂದು ಗೇಣು ಮೇಲೆ, ಹೊಸದೊಂದರಿಂದ, ಚಿಟಿಕೆಯಷ್ಟು ಹಳದಿ ಹುಡಿ ಇಳಿದಿತ್ತು. ಪಕ್ಕದಲ್ಲಿ ಎಂಟು ಎಂದು ಬರೆದು ಬಂದಿದ್ದೇನೆ. ಭಾನುವಾರ ಕಡ್ಡಿ ಹಿಡಿಯಬೇಕು.